ರಸ್ಟ್‌ಗೆ ಯಾವ ಎಡಿಟರ್?

ರಸ್ಟ್ ಪ್ರೋಗ್ರಾಮಿಂಗ್ ಭಾಷೆಗೆ ಆರು ವಾರಕ್ಕೊಂದು ಹೊಸ ಆವೃತ್ತಿ. 2015ರ ಮೇ ತಿಂಗಳಲ್ಲಿ 1.0 ಬಂದಾಗಿನಿಂದ ನಡೆದುಬಂದ ಪದ್ಧತಿ ಇದು. ಇದಲ್ಲದೆ ಮೂರು ವರ್ಷಕ್ಕೊಮ್ಮೆ ‘ಎಡಿಷನ್’ ಎಂಬ ದೊಡ್ಡ ಬದಲಾವಣೆ: 2018, 2021, 2024. 2015ರ ಎಡಿಷನ್‌ನಲ್ಲಿ ‘ಅಸಿಂಕ್’ ಎಂಬ ಹೆಸರನ್ನು ಯಾವ ವೇರಿಯಬಲ್‌ಗೆ ಬೇಕಾದರೂ ಇಡಬಹುದಿತ್ತು; 2018ರಿಂದ ಭಾಷೆಯೇ ಅದನ್ನು ತನಗಾಗಿ ಕಾದಿರಿಸಿಕೊಂಡಿದೆ. ಹಳೆಯ ಎಡಿಷನ್ನಿನ ಲೈಬ್ರರಿಯನ್ನು ಹೊಸ ಪ್ರೋಗ್ರಾಮ್ ಜೊತೆ ಬಳಸಲು ಅಡ್ಡಿಯಿಲ್ಲವಾದ್ದರಿಂದ, ಒಂದು ಫೈಲಿನಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ತಪ್ಪಾಗಬಹುದು. ಎಡಿಟರ್ ಇದನ್ನೆಲ್ಲ ತಿಳಿದಿರಬೇಕು.

ಎಡಿಟರ್‌ಗಳನ್ನು ಹೋಲಿಸುವವರು ಸಾಮಾನ್ಯವಾಗಿ ನೋಡುವುದು ಬಣ್ಣ, ವೇಗ, ಶಾರ್ಟ್‌ಕಟ್‌ಗಳನ್ನು. ಹೀಗೆ ಓಡುತ್ತಿರುವ ಭಾಷೆಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಕೋಡನ್ನು ಅರ್ಥಮಾಡಿಕೊಳ್ಳುವ ಕೆಲಸ ಯಾರದು?

ಅದಕ್ಕೆ ಕಂಪೈಲರ್ ಇದೆಯಲ್ಲ ಎನ್ನಬಹುದು. ಆದರೆ ಕಂಪೈಲರ್ ಕೈಗೆ ಹೋಗುವುದು ಬರೆದು ಮುಗಿಸಿದ ಕೋಡ್. ಎಡಿಟರ್ ಮುಂದಿರುವುದು ಅರ್ಧಕ್ಕೆ ನಿಂತ ಸಾಲು, ಮುಚ್ಚದ ಆವರಣ. ವೇರಿಯಬಲ್ ಹೆಸರಿನ ನಂತರ ಚುಕ್ಕಿ ಒತ್ತಿದ ಕೂಡಲೇ ಮುಂದೇನು ಬರಬಹುದೆಂಬ ಪಟ್ಟಿ ಕಾಣಬೇಕು. ರಸ್ಟ್‌ನಲ್ಲಿ ಬಹಳ ಕಡೆ ವೇರಿಯಬಲ್‌ನ ಟೈಪನ್ನು ಬರೆದಿರುವುದೇ ಇಲ್ಲ. ಸುತ್ತಲಿನ ಕೋಡಿನಿಂದ ಕಂಡುಕೊಳ್ಳಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ.

ಈ ಕೆಲಸಕ್ಕೆ ಆರಂಭದ ದಿನಗಳಲ್ಲಿದ್ದ ಸಾಧನ ‘ರೇಸರ್’ ಬಹುಮಟ್ಟಿಗೆ ಅಂದಾಜಿನ ಮೇಲೆ ನಡೆಯುತ್ತಿತ್ತು. ಆಮೇಲಿನ ‘ಆರ್‌ಎಲ್‌ಎಸ್’ ಹಿನ್ನೆಲೆಯಲ್ಲಿ ಕಂಪೈಲರನ್ನೇ ಓಡಿಸಿ ಉತ್ತರ ತರುತ್ತಿತ್ತು; ಉತ್ತರ ಬರುವ ಹೊತ್ತಿಗೆ ಕೋಡ್ ಬದಲಾಗಿರುತ್ತಿತ್ತು. ಅಲೆಕ್ಸಿ ಕ್ಲಾಡೋವ್ ಶುರುಮಾಡಿದ ‘ರಸ್ಟ್ ಅನಲೈಜರ್’ ಬೇರೆ ದಾರಿ ಹಿಡಿಯಿತು. ಕೇಳಿದ್ದನ್ನಷ್ಟೇ ಲೆಕ್ಕಹಾಕುವುದು, ಹಾಕಿದ ಲೆಕ್ಕವನ್ನು ಇಟ್ಟುಕೊಳ್ಳುವುದು, ಒಂದು ಫಂಕ್ಷನ್ನಿನ ಒಳಗೆ ತಿದ್ದಿದರೆ ಆದಷ್ಟೂ ಅಲ್ಲಿಯದನ್ನು ಮಾತ್ರ ಮತ್ತೆ ನೋಡುವುದು. 2022ರಲ್ಲಿ ಇದು ರಸ್ಟ್ ಯೋಜನೆಯ ಅಧಿಕೃತ ಭಾಗವಾಯಿತು. ಆರ್‌ಎಲ್‌ಎಸ್ ಬದಿಗೆ ಸರಿಯಿತು.

ರಸ್ಟ್ ಅನಲೈಜರ್ ಎಡಿಟರ್ ಅಲ್ಲ, ತೆರೆಮರೆಯಲ್ಲಿ ಓಡುವ ಪ್ರತ್ಯೇಕ ಪ್ರೋಗ್ರಾಮ್. 2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ‘ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್’ ಎಂಬ ಒಪ್ಪಂದದ ಪ್ರಕಾರ ಎಡಿಟರ್ ಕೇಳುತ್ತದೆ, ಸರ್ವರ್ ಹೇಳುತ್ತದೆ. ವಿಎಸ್ ಕೋಡ್, ನಿಯೋವಿಮ್, ಹೀಲಿಕ್ಸ್, ಝೆಡ್ ಎಲ್ಲವೂ ರಸ್ಟ್ ಮಟ್ಟಿಗೆ ಕೇಳುವುದು ಇದೇ ಸರ್ವರನ್ನು. ಹಾಗಾಗಿ ಯಾವುದು ರಸ್ಟನ್ನು ಚೆನ್ನಾಗಿ ಬಲ್ಲದು ಎಂದು ಈ ನಾಲ್ಕರ ನಡುವೆ ಜಗಳವಾಡುವುದು ವ್ಯರ್ಥ. ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿದೆಯೆಂದು ವಿಎಸ್ ಕೋಡ್ ಬಿಟ್ಟು ಹೀಲಿಕ್ಸ್‌ಗೆ ಹೋದವರಿಗೆ ಒಂದು ಕಿವಿಮಾತು: ದೊಡ್ಡ ಪ್ರಾಜೆಕ್ಟ್‌ನಲ್ಲಿ ಗಿಗಾಬೈಟ್‌ಗಟ್ಟಲೆ ಮೆಮೊರಿ ನುಂಗುವುದು ಆ ಸರ್ವರ್. ಅದು ಅಲ್ಲಿಗೂ ಹಿಂಬಾಲಿಸುತ್ತದೆ.

ನಿಜವಾಗಿ ಬೇರೆಯದು ಜೆಟ್‌ಬ್ರೇನ್ಸ್‌ನ ರಸ್ಟ್‌ರೋವರ್. ಅದಕ್ಕೆ ತನ್ನದೇ ವಿಶ್ಲೇಷಣಾ ಎಂಜಿನ್ ಇದೆ. ಕೋಡನ್ನು ಮರುಜೋಡಿಸುವುದರಲ್ಲಿ, ಡೀಬಗ್ ಮಾಡುವುದರಲ್ಲಿ ಒಳ್ಳೆಯ ಸೌಕರ್ಯ. ವಾಣಿಜ್ಯೇತರ ಬಳಕೆಗೆ ಉಚಿತ. ಆದರೆ ಭಾಷೆಗೆ ಹೊಸ ವಾಕ್ಯರಚನೆ ಸೇರಿದಾಗಲೆಲ್ಲ ಅದನ್ನು ಕಂಪೈಲರ್‌ಗೆ, ರಸ್ಟ್ ಅನಲೈಜರ್‌ಗೆ, ಈ ಎಂಜಿನ್‌ಗೆ ಬೇರೆಬೇರೆಯಾಗಿ ಕಲಿಸಬೇಕು. ಯಾವುದಾದರೊಂದು ಹಿಂದೆ ಬಿದ್ದರೆ ಸರಿಯಾದ ಕೋಡಿನ ಕೆಳಗೂ ಕೆಂಪು ಗೆರೆ. ಅದಕ್ಕೇ ರಸ್ಟ್ ಅನಲೈಜರ್, ಫೈಲ್ ಸೇವ್ ಮಾಡಿದಾಗ ‘ಕಾರ್ಗೋ ಚೆಕ್’ ಓಡಿಸಿ ಅಸಲಿ ಕಂಪೈಲರ್‌ನ ತೀರ್ಪನ್ನೂ ತರುತ್ತದೆ. ಟೈಪ್ ಮಾಡುವಾಗ ಮೂಡಿದ ಗೆರೆಗಿಂತ ಸೇವ್ ಮಾಡಿದ ಮೇಲೆ ಕಂಪೈಲರ್ ಹಾಕಿಸಿದ ಗೆರೆಯನ್ನು ಹೆಚ್ಚು ನಂಬಬಹುದು.

ಇಲ್ಲೊಂದು ಅಪಾಯವೂ ಅಡಗಿದೆ. ರಸ್ಟ್‌ನ ಕೆಲವು ಮ್ಯಾಕ್ರೋಗಳು ಕಂಪೈಲ್ ಆಗುವಾಗಲೇ ಓಡುವ ಪುಟ್ಟ ಪ್ರೋಗ್ರಾಮ್‌ಗಳು. ಅವು ಹುಟ್ಟಿಸುವ ಕೋಡನ್ನು ತಿಳಿಯಲು ಸರ್ವರ್ ಅವನ್ನು ಓಡಿಸಲೇಬೇಕು. ಅಂದರೆ ಅಪರಿಚಿತರ ಪ್ರಾಜೆಕ್ಟನ್ನು ಬರೇ ಓದಲೆಂದು ತೆರೆದರೂ ಅವರ ಕೋಡ್ ನಿಮ್ಮ ಯಂತ್ರದಲ್ಲಿ ಓಡಬಹುದು. ಈ ಫೋಲ್ಡರ್ ಬರೆದವರನ್ನು ನಂಬುತ್ತೀರಾ ಎಂದು ವಿಎಸ್ ಕೋಡ್ ಕೇಳಿದಾಗ ಉತ್ತರಿಸುವ ಮುನ್ನ ಯೋಚಿಸಬೇಕಾದದ್ದು ಇದಕ್ಕೇ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಲೆಕ್ಕವಿದೆ. 2021ರ 1.53 ಆವೃತ್ತಿಯಿಂದ ರಸ್ಟ್‌ನಲ್ಲಿ ವೇರಿಯಬಲ್, ಫಂಕ್ಷನ್‌ಗಳಿಗೆ ಕನ್ನಡ ಲಿಪಿಯ ಹೆಸರಿಡಬಹುದು. ‘ಕ್ಷ’ ನಮ್ಮ ಕಣ್ಣಿಗೆ ಒಂದೇ ಅಕ್ಷರ; ಯೂನಿಕೋಡ್‌ನಲ್ಲಿ ಕ, ಹಲಂತ ಚಿಹ್ನೆ, ಷ ಎಂದು ಮೂರು ಸಂಕೇತ; ರಸ್ಟ್ ಬಳಸುವ ಯುಟಿಎಫ್-8ರಲ್ಲಿ ಒಂಬತ್ತು ಬೈಟ್. ಎಡಿಟರ್-ಸರ್ವರ್ ಒಪ್ಪಂದವಾದರೋ ಸಾಲಿನೊಳಗಿನ ಸ್ಥಾನವನ್ನು ಮೂಲತಃ ಯುಟಿಎಫ್-16ರಲ್ಲಿ ಎಣಿಸುತ್ತದೆ, ಅಲ್ಲಿ ಅದೇ ‘ಕ್ಷ’ ಮೂರು. ಪರಿವರ್ತನೆ ತಪ್ಪಿದರೆ ಕೆಂಪು ಗೆರೆ ಬೇರೆಲ್ಲೋ ಬೀಳುತ್ತದೆ. ಟರ್ಮಿನಲ್‌ನಲ್ಲಿ ಓಡುವ ನಿಯೋವಿಮ್, ಹೀಲಿಕ್ಸ್‌ಗಳ ತೊಡಕು ಇನ್ನೂ ಒರಟು: ಟರ್ಮಿನಲ್ ಅಕ್ಷರಗಳನ್ನು ಒಂದೇ ಅಳತೆಯ ಚೌಕಗಳಲ್ಲಿ ಕೂರಿಸುವುದರಿಂದ ಅನೇಕ ಕಡೆ ಒತ್ತಕ್ಷರ ಒಡೆದು ಚದುರುತ್ತದೆ. ಬ್ರೌಸರ್ ತಂತ್ರಜ್ಞಾನದ ಮೇಲೆ ಕಟ್ಟಿದ ವಿಎಸ್ ಕೋಡ್‌ನಲ್ಲಿ ಒತ್ತಕ್ಷರ ಒತ್ತಕ್ಷರವಾಗಿಯೇ ಕಾಣುತ್ತದೆ. ಕನ್ನಡದಲ್ಲಿ ಕಾಮೆಂಟ್ ಬರೆಯುವವರಿಗೆ ಸದ್ಯಕ್ಕೆ ನಾನು ಹೇಳುವುದು ಅದನ್ನೇ, ಮೆಮೊರಿ ಎಷ್ಟೇ ತಿನ್ನಲಿ.