ಚಕ್ರದ ಮೇಲಿನ ಹಳೆಯ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲುಂಟು. ಈ ಎರಡನ್ನೂ ಮಾಡಿ ಮುಗಿಸಿ ಉದ್ಯೋಗದಿಂದ ನಿವೃತ್ತರಾದ ಗಂಡಹೆಂಡಿರು ಅಮೆರಿಕದಲ್ಲಿ ಮೂರನೆಯದೊಂದು ಸಾಹಸಕ್ಕೆ ಕೈಹಾಕುವುದುಂಟು. ಅದೇ ಮೋಟಾರ್‌ಹೋಮ್, ಎಂದರೆ ಚಕ್ರದ ಮೇಲಿನ ಮನೆ. ಒಲೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವನ್ನೂ ಒಳಗಿರಿಸಿಕೊಂಡು ತನ್ನ ಎಂಜಿನ್ನಿನಿಂದಲೇ ಓಡುವ ಬಂಡಿ ಇದು. ಚಳಿಗಾಲ ಬಂದಿತೆಂದರೆ ಹಿಮ ಬೀಳುವ ಉತ್ತರದ ಸಂಸ್ಥಾನಗಳನ್ನು ಬಿಟ್ಟು, ಅರಿಜೋನಾದ ಕ್ವಾರ್ಟ್ಜ್‌ಸೈಟ್ ಊರಿನ ಸುತ್ತಣ ಮರುಭೂಮಿಗೆ ಇಂಥ ಬಂಡಿಗಳು ಸಾವಿರಗಟ್ಟಲೆ ಬಂದು ಸೇರುತ್ತವೆ. ಮಕ್ಕಳನ್ನು ನೋಡಲು ಆ ದೇಶಕ್ಕೆ ಹೋಗಿಬಂದ ನಿಮ್ಮಲ್ಲಿ ಕೆಲವರು ಹೆದ್ದಾರಿಯಲ್ಲಿ ಇವುಗಳನ್ನು ಕಂಡು, ‘ಒಳಗೆ ಹೇಗಿದ್ದೀತು!’ ಎಂದು ಕುತೂಹಲಪಟ್ಟಿರಬಹುದು.

ಇವುಗಳಲ್ಲಿ ಮೂರು ಬಗೆ. ಬಸ್ಸಿನಂತೆ ದೊಡ್ಡದಾಗಿರುವುದು ‘ಎ’ ವರ್ಗ. ವ್ಯಾನನ್ನೇ ಒಳಗೆ ಮಾರ್ಪಡಿಸಿದ್ದು ‘ಬಿ’ ವರ್ಗ. ಚಾಲಕನ ತಲೆಯ ಮೇಲೆ ಅಟ್ಟದಂತೆ ಹಾಸಿಗೆ ಚಾಚಿಕೊಂಡಿರುವುದು ‘ಸಿ’ ವರ್ಗ. ಅಯೋವಾ ಸಂಸ್ಥಾನದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೋ ಕಂಪೆನಿಯು 1966ರಲ್ಲಿ ಇಂಥ ಬಂಡಿಗಳನ್ನು ತಯಾರಿಸತೊಡಗಿದ ಮೇಲೆ ಇವು ಸಾಮಾನ್ಯ ಸಂಸಾರಗಳಿಗೂ ಎಟುಕುವಂತಾದುವು. 1973ರಿಂದ 1978ರವರೆಗೆ ತಯಾರಾದ ಜಿ.ಎಂ.ಸಿ. ಮೋಟಾರ್‌ಹೋಮ್‌ಗಳು ಇಂದಿಗೂ ರಸ್ತೆಯಲ್ಲಿ ಕಾಣಸಿಗುತ್ತವೆ. ಅವುಗಳ ಮೈ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸಿನದು. ಮರದ ಚೌಕಟ್ಟಿನಂತೆ ಕೊಳೆಯುವುದಿಲ್ಲ. ಲೀಟರಿಗೆ ನಾಲ್ಕು ಕಿಲೋಮೀಟರಿನ ಆಸುಪಾಸು ಓಡುವ ಈ ಬಂಡಿಗಳನ್ನು ಸಾಕುವುದು ಮಾತ್ರ ಆನೆ ಸಾಕಿದಂತೆಯೇ ಸರಿ.

ಹೊಸ ಬಂಡಿಯ ಬೆಲೆ ಹೆಚ್ಚು. ಕೊಂಡ ಮೊದಲ ಕೆಲವು ವರ್ಷಗಳಲ್ಲೇ ಅದು ಬಹಳ ಇಳಿದುಹೋಗುತ್ತದೆ. ಆದುದರಿಂದ ನಿವೃತ್ತರು ಹಳೆಯದನ್ನು ಹುಡುಕುವುದು ಬುದ್ಧಿವಂತಿಕೆಯೇ. ಆದರೆ ಏನನ್ನು ನೋಡಿ ಕೊಳ್ಳಬೇಕು? ಎಂಜಿನ್ನನ್ನು ಮೊದಲು ನೋಡುವುದು ಸಹಜ. ಹಳೆಯ ಬಂಡಿಯ ಮೊದಲ ಶತ್ರುವಾದರೋ ನೀರು. ಬಿಸಿಲಿಗೂ ಪಯಣದ ಕುಲುಕಾಟಕ್ಕೂ ಛಾವಣಿಯ ಸಂದುಗಳ ಅಂಟು ಬಿರಿಯುತ್ತದೆ. ಮಳೆನೀರು ಒಳಗಿಳಿದು, ಹೊರಗೆ ಏನೂ ಕಾಣದಂತೆ ಗೋಡೆಯೊಳಗಿನ ಮರವನ್ನು ಕೊಳೆಯಿಸುತ್ತದೆ. ಮುಚ್ಚಿಟ್ಟ ಬಂಡಿಯ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬರುವುದೇ ಎಂದು ನೋಡಿ. ಮೂಲೆಗಳನ್ನೂ ಗವಾಕ್ಷಿಯ ಸುತ್ತಣ ಭಾಗವನ್ನೂ ‘ಸಿ’ ವರ್ಗದಲ್ಲಾದರೆ ಆ ಅಟ್ಟದ ಹಾಸಿಗೆಯ ಅಡಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಬೆಲೆ ಎಷ್ಟೇ ಅಗ್ಗವಾಗಿರಲಿ, ನಮಸ್ಕಾರ ಹೇಳಿ ಹಿಂತಿರುಗುವುದೇ ಮೇಲು.

ಎರಡನೆಯದು ಟೈರು. ಈ ಬಂಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹೀಗಾಗಿ ಟೈರಿನ ಗೀರುಗಳು ಹೊಸದರಂತೆ ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಕೇತದ ಕೊನೆಯ ನಾಲ್ಕು ಅಂಕೆಗಳನ್ನು ಓದಿ: 2318 ಎಂದಿದ್ದರೆ ಅದು 2018ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು.

ಮೂರನೆಯದು ತೂಕ. ಅರುವತ್ತು ಅಮೆರಿಕನ್ ಗ್ಯಾಲನ್ ನೀರು ತುಂಬಿದರೆ ಅದೇ ಸುಮಾರು 227 ಕಿಲೋಗ್ರಾಂ. ಅದರ ಮೇಲೆ ಪಾತ್ರೆಪಡಗ, ಪುಸ್ತಕ, ಬಟ್ಟೆ. ಬಂಡಿಯ ಒಳಗಿನ ಫಲಕದಲ್ಲಿ ಗರಿಷ್ಠ ತೂಕವನ್ನು ನಮೂದಿಸಿರುತ್ತಾರೆ. ಸಾಮಾನೆಲ್ಲ ತುಂಬಿದ ಮೇಲೆ ಒಮ್ಮೆ ಲಾರಿಗಳನ್ನು ತೂಗುವಲ್ಲಿ ತೂಗಿಸಿ ನೋಡಬೇಕು. ಮಿತಿಮೀರಿದ ಭಾರವು ಘಟ್ಟವಿಳಿಯುವಾಗ ಬ್ರೇಕುಗಳನ್ನು ಕಾಯಿಸಿ, ಅವು ಹಿಡಿಯದಂತೆ ಮಾಡೀತು.

ಇನ್ನು ಬಾಳುವೆಯ ಮಾತು. ಬಂಡಿಯಲ್ಲಿ ಮೂರು ತೊಟ್ಟಿಗಳಿರುತ್ತವೆ: ಶುದ್ಧ ನೀರಿಗೊಂದು, ಸ್ನಾನ ಪಾತ್ರೆಗಳ ಬಳಸಿದ ನೀರಿಗೊಂದು, ಶೌಚಕ್ಕೊಂದು. ಖಾಲಿ ಮಾಡುವಾಗ ಶೌಚದ ತೊಟ್ಟಿಯನ್ನು ಮೊದಲು ಬಿಟ್ಟು, ಅನಂತರ ಬಳಸಿದ ನೀರನ್ನು ಬಿಟ್ಟರೆ ಕೊಳವೆ ತಾನಾಗಿ ತೊಳೆದುಹೋಗುತ್ತದೆ. ಅನೇಕ ಹಳೆಯ ಬಂಡಿಗಳ ಶೀತಪೆಟ್ಟಿಗೆಯಲ್ಲಿ ಯಂತ್ರವಿಲ್ಲ. ಅನಿಲದ ಉರಿಯ ಶಾಖದಿಂದ ಅಮೋನಿಯಾ ದ್ರಾವಣ ಮೇಲೇರಿ, ತನ್ನ ಭಾರದಿಂದಲೇ ಕೆಳಗಿಳಿದು ತಂಪುಮಾಡುತ್ತದೆ. ನಿಲ್ಲಿಸಿದ ನೆಲ ಓರೆಯಾದರೆ ಈ ಹರಿವು ತಡೆದು ತಂಪು ನಿಲ್ಲುತ್ತದೆ. ಹಾಲು ಕೆಟ್ಟರೆ ಹೋಗಲಿ ಎನ್ನಬಹುದು. ಸಿಹಿಮೂತ್ರ ರೋಗವಿರುವವರ ಇನ್ಸುಲಿನ್ ಕೆಟ್ಟರೆ? ಆದುದರಿಂದ ನೆಲದ ಮಟ್ಟ ನೋಡದೆ ರಾತ್ರಿ ತಂಗಬಾರದು. ಅನಿಲ ಸೋರಿಕೆಯನ್ನೂ ಇಂಗಾಲದ ಮಾನಾಕ್ಸೈಡನ್ನೂ ಸೂಚಿಸುವ ಎಚ್ಚರಿಕೆಯ ಗಂಟೆಗಳಿಗೂ ಆಯುಸ್ಸುಂಟು. ಹಳೆಯ ಬಂಡಿ ಕೊಂಡವರು ಮೊದಲು ಅವುಗಳನ್ನು ಬದಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಎಷ್ಟೋ ದಂಪತಿಗಳಲ್ಲಿ ಗಂಡ ಬಂಡಿ ನಡೆಸುತ್ತಾನೆ, ಹೆಂಡತಿ ನಕ್ಷೆ ನೋಡುತ್ತಾಳೆ. ಊರಿನಿಂದ ನೂರು ಮೈಲಿ ದೂರದ ಬಯಲಿನಲ್ಲಿ, ನಡುರಾತ್ರಿಯಲ್ಲಿ, ಚಾಲಕನಿಗೇ ಎದೆನೋವು ಬಂದರೆ ಏನು ಗತಿ? ಒಬ್ಬರಿಗೆ ಮಾತ್ರ ಗೊತ್ತಿರುವ ಬಂಡಿ, ಆ ಒಬ್ಬರು ಮಲಗಿದ ದಿನ ನಿಂತುಬಿಡುತ್ತದೆ. ಆದುದರಿಂದ ಇಬ್ಬರೂ ಓಡಿಸಲು ಕಲಿಯಬೇಕು. ಅನಿಲದ ಕೀಲಿ ಎಲ್ಲಿದೆ, ಬಂಡಿಯ ಎತ್ತರವೆಷ್ಟು ಎಂಬುದು ಇಬ್ಬರಿಗೂ ತಿಳಿದಿರಬೇಕು. ತಾವು ತಂಗಿರುವ ಸ್ಥಳದ ಹೆಸರನ್ನೂ ಹತ್ತಿರದ ಆಸ್ಪತ್ರೆಯ ದಾರಿಯನ್ನೂ ಪ್ರತಿ ಸಂಜೆ ಕಾಗದದಲ್ಲಿ ಬರೆದು ಚಕ್ರದ ಬಳಿ ಅಂಟಿಸಿಡುವುದು ಒಳ್ಳೆಯ ಅಭ್ಯಾಸ.

ಕೆಲವರು ಉತ್ಸಾಹದ ಭರದಲ್ಲಿ ಇದ್ದ ಮನೆಯನ್ನು ಮಾರಿ ಹೊರಟುಬಿಡುತ್ತಾರೆ. ಅವಸರ ಬೇಡ. ಮೊದಲು ಇಂಥದೇ ಬಂಡಿಯೊಂದನ್ನು ಹದಿನೈದು ದಿನ ಬಾಡಿಗೆಗೆ ಪಡೆದು ಹೋಗಿಬರಬೇಕು. ಅದೂ ಮಳೆಯ ದಿನಗಳಲ್ಲಾದರೆ ಉತ್ತಮ. ಇಪ್ಪತ್ತೈದು ಅಡಿಯ ಮನೆಯೊಳಗೆ ಮೂರು ದಿನ ಮಳೆ ಹಿಡಿದರೆ ಛಾವಣಿಯ ಗುಣವೂ ತಿಳಿಯುತ್ತದೆ, ಒಬ್ಬರಿಗೊಬ್ಬರ ತಾಳ್ಮೆಯೂ ತಿಳಿಯುತ್ತದೆ. ಅಷ್ಟಾದ ಮೇಲೂ ಇಬ್ಬರೂ ‘ಮುಂದಿನ ಊರು ಯಾವುದು?’ ಎಂದು ಕೇಳುತ್ತಿದ್ದರೆ, ಆ ದಂಪತಿಗಳು ಧೈರ್ಯವಾಗಿ ಹಳೆಯ ಬಂಡಿಯನ್ನು ಹುಡುಕಬಹುದು.