ಸಿಂಪಿಯ ಜಠರದಲ್ಲಿ ಸಿಕ್ಕಿತು, ಹೆಸರು ಕಳೆದುಕೊಂಡಿತು

1882ರಲ್ಲಿ ಫ್ರಾನ್ಸಿನ ಏಡ್ರಿಯನ್ ಸೆರ್ಟ್ ಆಯ್ಸ್ಟರ್ ಸಿಂಪಿಗಳ ಜಠರವನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದರು. ಅಲ್ಲಿ ಸುರುಳಿ ಸುತ್ತಿಕೊಂಡ ನೀಳ ಜೀವಿಗಳು ಭರದಿಂದ ಓಡಾಡುತ್ತಿದ್ದವು. ಮೈಯುದ್ದಕ್ಕೂ ತೆಳು ಪೊರೆಯಂಥದ್ದೊಂದು ಅಲೆಯಾಡುತ್ತಿತ್ತು. ಪ್ರಾಣಿಗಳ ರಕ್ತದಲ್ಲಿ ಬದುಕುವ ಟ್ರಿಪನೊಸೋಮಗಳೆಂಬ ಏಕಕೋಶ ಜೀವಿಗಳಿಗೂ ಅಂಥದೇ ಪೊರೆಯುಂಟು. ಹಾಗಾಗಿ ಸೆರ್ಟ್ ಈ ಜೀವಿಯನ್ನು ಆ ಕುಲಕ್ಕೇ ಸೇರಿಸಿದರು. ಜೀವವಿಜ್ಞಾನಿ ಬಾಲ್ಬಿಯಾನಿ ಅವರ ಗೌರವಾರ್ಥ ‘ಟ್ರಿಪನೊಸೋಮ ಬಾಲ್ಬಿಯಾನಿ’ ಎಂದು ಹೆಸರಿಟ್ಟರು. ಐದು ಸಾವಿರ ಮೀಟರ್ ಆಳದ ಕಡಲ ಕೆಸರಿನಲ್ಲೂ ಬ್ಯಾಕ್ಟೀರಿಯಾ ಇವೆಯೆಂದು ಒಂದೆರಡು ವರ್ಷಗಳಲ್ಲೇ ತೋರಿಸಿಕೊಟ್ಟವರೂ ಇದೇ ಸೆರ್ಟ್. ಅವರ ಕಣ್ಣು ಮಂದವಾಗಿರಲಿಲ್ಲ. ಆ ಪೊರೆ ಎಂಥವರನ್ನೂ ದಾರಿ ತಪ್ಪಿಸುವಂತಿತ್ತು.

ಈ ಜೀವಿಯ ಮನೆಯೇ ವಿಚಿತ್ರ. ಸಿಂಪಿಯ ಜಠರದಲ್ಲಿ ಪಾರದರ್ಶಕವಾದ, ಲೋಳೆಯಂಥ ಒಂದು ಕಡ್ಡಿಯಿರುತ್ತದೆ. ಸುತ್ತಲಿನ ಸೂಕ್ಷ್ಮ ರೋಮಗಳ ಚಲನೆಯಿಂದ ಅದು ಕಡಗೋಲಿನಂತೆ ಸದಾ ತಿರುಗುತ್ತ, ತುದಿಯಲ್ಲಿ ಸವೆಯುತ್ತ, ಪಿಷ್ಟ ಕರಗಿಸುವ ಕಿಣ್ವಗಳನ್ನು ಬಿಡುಗಡೆ ಮಾಡುತ್ತದೆ. ಸೆರ್ಟ್ ಕಂಡ ಜೀವಿ ತುಂಬಿಕೊಂಡಿರುವುದು ಈ ಕಡ್ಡಿಯೊಳಗೆ. ಸಿಂಪಿಯನ್ನು ನೀರಿನಿಂದ ತೆಗೆದರೆ ಕೆಲವೇ ತಾಸುಗಳಲ್ಲಿ ಕಡ್ಡಿ ಕರಗಿಹೋಗುತ್ತದೆ, ಜೀವಿಯೂ ಕಾಣದಾಗುತ್ತದೆ. ಮಾರುಕಟ್ಟೆಯಿಂದ ತಂದ ಸಿಂಪಿಯನ್ನು ನೆಚ್ಚಿ ಈ ಕೆಲಸ ಆಗುವಂಥದ್ದಲ್ಲ.

1901ರಲ್ಲಿ ತಕರಾರು ಶುರುವಾಯಿತು. ಮಲೇರಿಯಾ ಪರೋಪಜೀವಿಯನ್ನು ಕಂಡುಹಿಡಿದ ಲಾವೆರನ್, ಸಹೋದ್ಯೋಗಿ ಮೆನಿಲ್ ಜೊತೆ ಸೇರಿ, ಸಿಂಪಿಯ ಈ ‘ಟ್ರಿಪನೊಸೋಮ’ ವಾಸ್ತವದಲ್ಲಿ ಬ್ಯಾಕ್ಟೀರಿಯಾ ಸ್ವಭಾವದ್ದು ಎಂದು ಬರೆದರು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅದೇ ಹೊತ್ತಿಗೆ ಜರ್ಮನಿಯ ಫ್ರಿಟ್ಜ್ ಶೌಡಿನ್ ಗೂಬೆಯ ರಕ್ತವನ್ನು ಪರೀಕ್ಷಿಸಿ, ಸುರುಳಿಯಾಕಾರದ ಸ್ಪೈರೊಕೀಟ್‌ಗಳೂ ಟ್ರಿಪನೊಸೋಮಗಳೂ ಒಂದೇ ಜೀವನಚಕ್ರದ ಘಟ್ಟಗಳೆಂದು ವಾದಿಸುತ್ತಿದ್ದರು. 1905ರಲ್ಲಿ ಹಾಫ್‌ಮನ್ ಜೊತೆ ಸೇರಿ ಸಿಫಿಲಿಸ್ ಕಾಯಿಲೆಯ ಸ್ಪೈರೊಕೀಟನ್ನು ಕಂಡುಹಿಡಿದ ಮೇಲಂತೂ ಅವರ ಮಾತಿಗೆ ದೊಡ್ಡ ತೂಕ ಬಂತು. ಮರುವರ್ಷವೇ, ಮೂವತ್ತನಾಲ್ಕರ ಹರೆಯದಲ್ಲಿ, ಶೌಡಿನ್ ತೀರಿಕೊಂಡರು. ಅವರೆತ್ತಿದ ಪ್ರಶ್ನೆ ಮಾತ್ರ ಉಳಿಯಿತು: ಸ್ಪೈರೊಕೀಟ್ ಏಕಕೋಶ ಪ್ರಾಣಿಯೋ, ಬ್ಯಾಕ್ಟೀರಿಯಾವೋ?

ಕಾಯಿಲೆ ತರುವ ಸ್ಪೈರೊಕೀಟ್‌ಗಳು ಅಂದಿನ ಸೂಕ್ಷ್ಮದರ್ಶಕಕ್ಕೆ ಕಂಡೂ ಕಾಣದಷ್ಟು ಸಪೂರ. ಅಂಥದೇ ಸುರುಳಿಯಾದ ಸಿಂಪಿಯೊಳಗಿನದು ನೂರು ಮೈಕ್ರೊಮೀಟರ್ ದಾಟಿ ಬೆಳೆಯಬಲ್ಲ ದೈತ್ಯ. ಹೀಗಾಗಿ ಯಾರಿಗೂ ಕೇಡು ಮಾಡದ ಈ ಜೀವಿ ಇಡೀ ವಾದದ ಮುಖ್ಯ ಸಾಕ್ಷಿಯಾಯಿತು. 1910ರಲ್ಲಿ ಗ್ರಾಸ್ ಎಂಬ ಪ್ರಾಣಿವಿಜ್ಞಾನಿ ನೇಪಲ್ಸ್ ಕಡಲ ಸಂಶೋಧನಾ ಕೇಂದ್ರದ ಪತ್ರಿಕೆಯಲ್ಲಿ ಇಂಥವುಗಳಿಗೆ ಕ್ರಿಸ್ಟಿಸ್ಪೈರಾ ಎಂಬ ಹೊಸ ಕುಲವನ್ನೇ ಕಟ್ಟಿದರು. ಅವರು ಮಾದರಿಯಾಗಿ ಆರಿಸಿದ್ದು ಪೆಕ್ಟೆನ್ ಎಂಬ ಬೇರೊಂದು ಚಿಪ್ಪುಜೀವಿಯೊಳಗಿನ ಕ್ರಿಸ್ಟಿಸ್ಪೈರಾ ಪೆಕ್ಟಿನಿಸ್ ಪ್ರಭೇದವನ್ನು. ಮರುವರ್ಷ ಇಂಗ್ಲೆಂಡಿನ ಕ್ಲಿಫರ್ಡ್ ಡೋಬೆಲ್ ಮತ್ತೊಂದು ಪ್ರಭೇದ ಸೇರಿಸಿದರು. ಆಮೇಲೆ ಒಂದೊಂದು ಚಿಪ್ಪುಜೀವಿಗೂ ಒಂದೊಂದು ಹೆಸರು.

ಪೊರೆಯ ಗುಟ್ಟು ಬಯಲಾಗಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬರಬೇಕಾಯಿತು. ಅಲ್ಲಿ ಪೊರೆಯೇ ಇರಲಿಲ್ಲ. ಜೀವಕೋಶದ ಹೊರಕವಚದ ಒಳಗೇ ನೂರಕ್ಕೂ ಹೆಚ್ಚು ಕಶಾಂಗಗಳು ಒಟ್ಟಾಗಿ ಹಾದುಹೋಗಿದ್ದವು. ಆ ಕಂತೆಯ ಉಬ್ಬೇ ಪೊರೆಯಾಗಿ ಕಂಡಿತ್ತು. ಬ್ಯಾಕ್ಟೀರಿಯಾ ಎಂಬುದರಲ್ಲಿ ಇನ್ನು ಸಂಶಯ ಉಳಿಯಲಿಲ್ಲ.

ಆದರೆ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲಾಗಲಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಎಷ್ಟೋ ಬಗೆಗಳಿಗೆ ಆಮ್ಲಜನಕವೇ ವಿಷ. ಅಂಥವನ್ನು ಬೆಳೆಸಲು ರಾಬರ್ಟ್ ಹಂಗೇಟ್ ರೂಪಿಸಿದ ವಿಧಾನವಿದೆ: ಗಾಳಿ ಹೊರದೂಡಿ ಬಿಗಿಯಾಗಿ ಮುಚ್ಚಿದ ನಳಿಕೆ, ಅದರೊಳಗೆ ಪೋಷಕ ದ್ರವ. ಆಮ್ಲಜನಕ ನುಸುಳಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ರೆಸಜುರಿನ್ ಎಂಬ ಸೂಚಕವನ್ನೂ ಅದಕ್ಕೆ ಬೆರೆಸುತ್ತಾರೆ. ಬೆಳೆದ ಮೇಲಷ್ಟೇ ಅದು ಏನು ತಿನ್ನುತ್ತದೆ, ಯಾವ ಆಮ್ಲ ಬಿಡುತ್ತದೆ, ಆಮ್ಲಜನಕವನ್ನು ಎಷ್ಟು ಸಹಿಸುತ್ತದೆ ಎಂದೆಲ್ಲ ಪರೀಕ್ಷಿಸಿ ವರ್ಗೀಕರಿಸುವುದು. ಕ್ರಿಸ್ಟಿಸ್ಪೈರಾಕ್ಕೆ ಆ ದಾರಿ ತೆರೆಯಲೇ ಇಲ್ಲ.

1996ರಲ್ಲಿ ಬಾಸ್ಟನ್ನಿನ ಫೋರ್ಸೈತ್ ದಂತ ಕೇಂದ್ರದ ಬ್ರೂಸ್ ಪಾಸ್ಟರ್ ಮತ್ತು ಸಂಗಡಿಗರು ಬೆಳೆಸುವ ಗೊಡವೆಯನ್ನೇ ಬಿಟ್ಟರು. ಅಮೆರಿಕದ ಆಯ್ಸ್ಟರ್ ಸಿಂಪಿಗಳ ಕಡ್ಡಿಯಿಂದ ನೇರವಾಗಿ ಡಿಎನ್ಎ ತೆಗೆದು, ಬ್ಯಾಕ್ಟೀರಿಯಾಗಳ ನಂಟು ತಿಳಿಯಲು ಬಳಸುವ 16ಎಸ್ ಆರ್‌ಆರ್‌ಎನ್ಎ ವಂಶವಾಹಿಯನ್ನು ಓದಿದರು. ಒಂದು ತುಣುಕು ಸ್ಪೈರೊಕೀಟಿನದು, ಇನ್ನೊಂದು ಮೈಕೊಪ್ಲಾಸ್ಮಾ ಎಂಬ ಬೇರೆ ಬ್ಯಾಕ್ಟೀರಿಯಾದ್ದು. ಮೊದಲನೆಯದು ಕಣ್ಣಿಗೆ ಕಾಣುತ್ತಿರುವ ಆ ದೈತ್ಯನದೇ ಎಂಬುದಕ್ಕೆ ಪುರಾವೆ? ಆ ತುಣುಕಿಗೆ ಮಾತ್ರ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಡಿಎನ್ಎ ಎಳೆಯನ್ನು ಮಾದರಿಗೆ ಹಾಕಿದರು. ಸುರುಳಿಗಳು ಬೆಳಗಿದವು. ಸ್ಪೈರೊಕೀಟ್ ಕುಟುಂಬದೊಳಗೆ ಇದೊಂದು ಪ್ರತ್ಯೇಕ ಕುಲವೆಂದು ಸ್ಥಿರವಾಯಿತು. ಪದ್ಧತಿ ಹೊಸದು, ನಿರ್ಣಯ ಗ್ರಾಸ್ 1910ರಲ್ಲಿ ಕೊಟ್ಟದ್ದೇ.

ಇಷ್ಟೆಲ್ಲ ಆಗುವ ಮೊದಲೇ ಸೆರ್ಟ್ ಕೊಟ್ಟ ಹೆಸರು ಬಿದ್ದುಹೋಗಿತ್ತು. 1980ರ ಜನವರಿ 1ರಂದು ಜಾರಿಗೆ ಬಂದ ಮಾನ್ಯ ಹೆಸರುಗಳ ಪಟ್ಟಿಯಲ್ಲಿ ಇಲ್ಲದ ಸಾವಿರಾರು ಹಳೆಯ ಬ್ಯಾಕ್ಟೀರಿಯಾ ಹೆಸರುಗಳು ಸ್ಥಾನ ಕಳೆದುಕೊಂಡವು. ಕ್ರಿಸ್ಟಿಸ್ಪೈರಾ ಕುಲದಿಂದ ಪಟ್ಟಿ ಸೇರಿದ್ದು ಪೆಕ್ಟಿನಿಸ್ ಒಂದೇ. ಮೊದಲು ಕಣ್ಣಿಗೆ ಬಿದ್ದದ್ದು, ದಶಕಗಳ ವಾದ ಹುಟ್ಟಿಸಿದ್ದು, ಕೊನೆಗೆ ವಂಶವಾಹಿ ಒದಗಿಸಿದ್ದು ಎಲ್ಲವೂ ಆಯ್ಸ್ಟರ್ ಸಿಂಪಿಯ ಕಡ್ಡಿ. ಅಧಿಕೃತ ಹೆಸರಿರುವುದು ಪೆಕ್ಟೆನ್‌ನಲ್ಲಿ ಸಿಕ್ಕಿದ ಜೀವಿಗೆ. ಇದು ಅನ್ಯಾಯ. ಸರಿಪಡಿಸುವುದೂ ಸುಲಭವಿರಲಿಲ್ಲ: ಹೊಸ ಹೆಸರು ಮಾನ್ಯವಾಗಬೇಕಾದರೆ ಜೀವಂತ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕೆನ್ನುತ್ತದೆ ನಿಯಮಸಂಹಿತೆ. 2022ರಲ್ಲಿ ಬಂದ ಸೀಕ್‌ಕೋಡ್ ಎಂಬ ಪ್ರತ್ಯೇಕ ಸಂಹಿತೆ ಜೀವಂತ ತಳಿಯ ಬದಲು ಜೀನೋಮ್ ಅನುಕ್ರಮವನ್ನೇ ಆಧಾರವಾಗಿ ಒಪ್ಪುತ್ತದೆ. ಕಡಲಂಚಿನಲ್ಲೇ ಕುಳಿತು, ಆಗತಾನೇ ಎತ್ತಿದ ಸಿಂಪಿಯ ಕಡ್ಡಿ ಕರಗುವ ಮುನ್ನ ಈ ಜೀವಿಯನ್ನು ಹಿಡಿದು, ಅದರ ಪೂರ್ಣ ಜೀನೋಮನ್ನು ಓದಿ ಮುಗಿಸುವವರು ಬಾಲ್ಬಿಯಾನಿ ಎಂಬ ಹೆಸರನ್ನು ಮತ್ತೆ ಪ್ರಸ್ತಾಪಿಸಬಹುದು.