ಎದೆನೋವನ್ನು ‘ಗ್ಯಾಸ್’ ಎಂದು ಕಡೆಗಣಿಸದಿರೋಣ

ನಮ್ಮ ದೊಡ್ಡಬೆಳವಂಗಲದಂಥ ಊರುಗಳಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಎದೆ ಹಿಡಿದುಕೊಂಡರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು, “ಗ್ಯಾಸ್ ಇರಬೇಕು.” ಸೋಡಾ ಕುಡಿಸುತ್ತೇವೆ, ಓಮದ ನೀರು ಕೊಡುತ್ತೇವೆ, ಬೆಳಗ್ಗೆ ನೋಡೋಣ ಎಂದು ಮಲಗಿಸುತ್ತೇವೆ. ಎಷ್ಟೋ ಸಲ ಅದು ಗ್ಯಾಸೇ ಆಗಿರುತ್ತದೆ. ಹೃದಯಾಘಾತವಾಗಿದ್ದರೆ ಮಾತ್ರ ಆ ಕಾಯುವಿಕೆಯೇ ಜೀವಕ್ಕೆ ಮುಳುವಾಗುತ್ತದೆ.

ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂಡಿಕೊಳ್ಳುತ್ತದೆ. ಒಂದು ದಿನ ಅದು ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ರಕ್ತ ಸಿಗದ ಹೃದಯದ ಸ್ನಾಯು ಸಾಯತೊಡಗುತ್ತದೆ. ಹಾಗೆ ಸತ್ತ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದಲೇ ವೈದ್ಯರು ಮೊದಲ ಒಂದು ಗಂಟೆಯನ್ನು ‘ಚಿನ್ನದ ಗಂಟೆ’ ಎನ್ನುತ್ತಾರೆ.

ಎದೆಯ ಮೇಲೆ ಭಾರ ಹೇರಿದಂತಾಗುವುದು, ನೋವು ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು, ವಾಕರಿಕೆ ಇದರ ಲಕ್ಷಣಗಳು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಕಾಣಿಸಬಹುದು. ಇಂಥ ಹೊತ್ತಿನಲ್ಲಿ ಕೂಡಲೇ 108ಕ್ಕೆ ಫೋನ್ ಮಾಡೋಣ. ರೋಗಿಯನ್ನು ನಡೆಸುವುದು, ಮೆಟ್ಟಿಲು ಹತ್ತಿಸುವುದು, ಬೈಕಿನಲ್ಲಿ ಕೂರಿಸುವುದು ಬೇಡ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ನಾಡೇ ಬೆಚ್ಚಿತು. ಗಟ್ಟಿಮುಟ್ಟಾದ ಮೈ ಇದ್ದವರಿಗೂ ಇದು ಬರಬಹುದೆಂದು ಅಂದು ಎಲ್ಲರಿಗೂ ಅರಿವಾಯಿತು. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಸರಕಾರಿ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಬೆಂಗಳೂರು ಮುಟ್ಟುವವರೆಗೆ ಕಾಯಬೇಕಿಲ್ಲ. ನಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಆಶಾ ಕಾರ್ಯಕರ್ತೆಯನ್ನು ಇಂದೇ ಕೇಳಿಟ್ಟುಕೊಳ್ಳೋಣ.

ಇನ್ನು ತಡೆಯುವ ಮಾತು. ಬಿಪಿ, ಸಕ್ಕರೆ ಎರಡೂ ಸದ್ದಿಲ್ಲದೆ ನಾಳಗಳನ್ನು ಕೆಡಿಸುತ್ತವೆ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ತಪಾಸಣೆ ಇದೆ. ಬಿಪಿ ಪದೇ ಪದೇ 140/90 ಮುಟ್ಟಿದರೆ ಚಿಕಿತ್ಸೆ ಬೇಕು. ಹುಷಾರಾಯಿತೆಂದು ಮಾತ್ರೆ ಬಿಡಬಾರದು. ರಮಝಾನ್‌ಗೆ ಮುಂಚೆ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು ಬದಲಿಸಿಕೊಳ್ಳಬೇಕು. ಬೀಡಿ, ಸಿಗರೇಟು ಬಿಟ್ಟ ಒಂದೇ ವರ್ಷದಲ್ಲಿ ಅವುಗಳಿಂದ ಹೃದಯಕ್ಕಿದ್ದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ. ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳದ್ದೂ ಅದರಲ್ಲೇ ಸೇರಬೇಕು. ದಾವತ್‌ನ ಬಿರಿಯಾನಿ ದಾವತ್‌ಗೇ ಇರಲಿ. ಡಾಲ್ಡಾ, ಪದೇ ಪದೇ ಕಾಯಿಸಿದ ಎಣ್ಣೆ ಮನೆಗೆ ಬೇಡ. ವಾರಕ್ಕೆ ಐದು ದಿನ, ಅರ್ಧ ಗಂಟೆ ಬಿರುಸಿನ ನಡಿಗೆ ಇರಲಿ. ಫಜ್ರ್ ಮುಗಿಸಿ ಹೊಲದ ದಾರಿಯಲ್ಲಿ ಒಂದು ಸುತ್ತು ಹಾಕಿದರೂ ಆಯಿತು.

ದೇಹ ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಮುಂದಿನ ಜುಮಾದೊಳಗೆ ಮನೆಯ ಹಿರಿಯರೊಬ್ಬರ ಬಿಪಿಯನ್ನಾದರೂ ನೋಡಿಸೋಣ. ಅಬ್ಬಾನನ್ನು ಕರೆದೊಯ್ಯುವಾಗ ಅಮ್ಮಿಯನ್ನೂ ಮರೆಯದಿರೋಣ.